ಅಡುಗೆಮನೆಯ ಮೇಜಿನ ಮೇಲಿನ ಮೋಟಾರು

ಜೂನ್ ತಿಂಗಳ ಮೊದಲ ಸೋಮವಾರ ಬಾರ್ಲಾ ಕೊಟ್ಟಿಗೆಯ ಮೂಲೆಯಿಂದ ತನ್ನ ಬ್ಯಾಟರಿ ಸೈಕಲನ್ನು ಅಂಗಳಕ್ಕೆ ತಂದಳು. ಚಳಿಗಾಲದುದ್ದಕ್ಕೂ ಹೊದಿಸಿಟ್ಟಿದ್ದ ಕಂಬಳಿಯನ್ನು ಕೊಡವಿ ಬೇಲಿಯ ಮೇಲೆ ಹಾಕಿ, ಪೆಡಲಿನ ಮೇಲೆ ಕಾಲಿಟ್ಟಳು. ಪೆಡಲು ಕದಲಲಿಲ್ಲ. ಮೈಭಾರವನ್ನೆಲ್ಲ ಹಾಕಿದಾಗ ಬೀಸುವ ಕಲ್ಲಿಗೆ ಮರಳು ಸಿಕ್ಕಿದಂಥ ಸದ್ದು ಮಾಡಿ ಅರ್ಧ ಸುತ್ತು ತಿರುಗಿ, ಮತ್ತೆ ನಿಂತುಬಿಟ್ಟಿತು.

ಇನ್ನು ಹತ್ತು ದಿನಕ್ಕೆ ಕಣಿವೆಯ ಎಂಬತ್ತಾರು ಕಡಸುಗಳು ಪ್ಲೌಂಕಾ ಬೆಟ್ಟವನ್ನು ಏರಬೇಕಿತ್ತು. ಹತ್ತೊಂಬತ್ತು ಬೇಸಿಗೆಗಳಿಂದ ಅವುಗಳ ಹಿಂದೆ ಏರುತ್ತಿದ್ದವಳು ಬಾರ್ಲಾ. ಈಗ ಅವಳಿಗೆ ಅರುವತ್ತಮೂರು. ದನಗಾಹಿಯ ಗುಡಿಸಲು ಬೆಟ್ಟದ ಸೊಂಟದಲ್ಲಿ, ಹುಲ್ಲು ಬೆಟ್ಟದ ನೆತ್ತಿಯಲ್ಲಿ. ನಡುವೆ ಆರುನೂರು ಮೀಟರಿನ ಏರು. ಆ ಏರನ್ನು ಸೆಪ್ಟೆಂಬರಿನವರೆಗೆ ಒಂದು ಬೆಳಗ್ಗೆಯೂ ತಪ್ಪದಂತೆ ಏರಬೇಕು, ಏಕೆಂದರೆ ದನಗಳಿಗೆ ದಿನವೂ ಉಪ್ಪು ಕೊಡಬೇಕು. ಉಪ್ಪನ್ನು ಬಂಡೆಯ ಮೇಲೆ ಸುರಿದು ಬರುವ ದನಗಾಹಿಗಳೂ ಇದ್ದಾರೆ. ಬಾರ್ಲಾ ಹಾಗೆ ಮಾಡುವವಳಲ್ಲ. ಒಂದೊಂದನ್ನೂ ಕೂಗಿ ಕರೆದು ಅಂಗೈಯಿಂದಲೇ ನೆಕ್ಕಿಸುವಳು. ನಾಲಿಗೆ ಅಂಗೈ ಮೇಲಿದ್ದಷ್ಟು ಹೊತ್ತಿನಲ್ಲಿ ಕಣ್ಣು, ಮೂಗು, ಗೊರಸು ಎಲ್ಲವನ್ನೂ ನೋಡಿ ಮುಗಿಸುವಳು. ನಾಲ್ಕು ವರ್ಷದ ಕೆಳಗೆ ಬಲಮಂಡಿಯ ಮೆತ್ತೆ ಸವೆದುಹೋದಾಗ ಅವಳು ಬೆಟ್ಟ ಬಿಡಲಿಲ್ಲ; ಕಾಡುದಾರಿಯಲ್ಲಿ ಓಡುವ ದಪ್ಪ ಚಕ್ರದ ಈ ಸೈಕಲನ್ನು ಕೊಂಡಳು. ಪೆಡಲು ತುಳಿದರೆ ಪೆಡಲಿನ ಬುಡದಲ್ಲಿರುವ ಮೋಟಾರು ತಾನೂ ತುಳಿಯುತ್ತದೆ, ಮಂಡಿಗೆ ಅರ್ಧ ಭಾರವೂ ಬೀಳುವುದಿಲ್ಲ.

ಮಂಗಳವಾರ ಅದನ್ನು ಅಂಚೆ ಬಸ್ಸಿನ ಹಿಂದಿನ ಕೊಕ್ಕೆಗೆ ನೇತುಹಾಕಿಸಿಕೊಂಡು ಪೇಟೆಯ ಅಂಗಡಿಗೆ ಹೋಗಿಬಂದಳು. ಅಂಗಡಿಯವನು ಪೆಡಲನ್ನು ಎರಡು ಸಲ ಅಲುಗಾಡಿಸಿ ನೋಡಿ ಕೈ ಒರೆಸಿಕೊಂಡ. ಇಂಥ ಮೋಟಾರನ್ನು ಯಾರೂ ರಿಪೇರಿ ಮಾಡುವುದಿಲ್ಲ, ಕಾರ್ಖಾನೆಗೆ ಕಳಿಸಿದರೆ ಹಳೆಯದನ್ನು ಇಟ್ಟುಕೊಂಡು ಬೇರೊಂದನ್ನು ಕೊಡುತ್ತಾರೆ, ಆರು ವಾರ ಹಿಡಿಯುತ್ತದೆ ಎಂದ. ಮನೆಯಲ್ಲಿ ಬಿಚ್ಚಿದ ಗುರುತು ಕಂಡರೆ ಮಾತ್ರ ಅವರು ಮುಟ್ಟುವುದೂ ಇಲ್ಲ ಎಂದು ಬಾಗಿಲವರೆಗೆ ಬಂದು ಎಚ್ಚರಿಸಿದ.

ಸಣ್ಣ ಕಣಿವೆಯಲ್ಲಿ ಸುದ್ದಿಗೆ ಬಸ್ಸು ಬೇಕಿಲ್ಲ. ಅವಳು ಮನೆ ಸೇರುವಾಗ ಅಂಗಳದ ಬೆಂಚಿನ ಮೇಲೆ ವಿಜೆಲಿ ಕುಳಿತಿದ್ದ. ಬೆಟ್ಟಕ್ಕೆ ದನ ಕಳಿಸುವ ಹದಿನಾಲ್ಕು ಮನೆಗಳ ಪರವಾಗಿ ದನಗಾಹಿಯನ್ನು ಗೊತ್ತುಮಾಡುವವನು ಅವನು. ಬಾರ್ಲಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

"ಏನಂತಾರೆ ವೈದ್ಯರು?" ಎಂದ, ಸೈಕಲಿನ ಕಡೆ ಗಡ್ಡ ಚಾಚಿ.

"ಆರು ವಾರ ಅಂತೆ."

"ಆರು ವಾರಕ್ಕೆ ಬೆಟ್ಟದ ಹುಲ್ಲು ಅರ್ಧ ಖಾಲಿ ಆಗಿರುತ್ತೆ ಬಾರ್ಲಾ."

"ನಡ್ಕೊಂಡು ಹೋಗ್ತೀನಿ."

"ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳೀವಾಗ ನಿನ್ನ ನೋಡ್ದೆ. ಎಂಟು ಮೆಟ್ಟಿಲಿಗೆ ಎರಡು ಸಲ ನಿಂತೆ."

"ಪಾದ್ರಿ ಉಪದೇಶ ಭಾರವಾಗಿತ್ತು."

ವಿಜೆಲಿ ನಕ್ಕ, ಆದರೆ ಎದ್ದು ಹೋಗಲಿಲ್ಲ. ಕೆಳಗಿನ ಬಯಲುಸೀಮೆಯ ಗಂಡಹೆಂಡಿರಿಬ್ಬರು ಕಾಗದ ಬರೆದಿದ್ದಾರೆ, ಅವರ ಬಳಿ ನಾಯಿಯಿದೆ, ಇಬ್ಬರಿಗೂ ಮೂವತ್ತು ದಾಟಿಲ್ಲ, ಭಾನುವಾರ ಅವರಿಗೆ ಉತ್ತರ ಕೊಡಬೇಕು ಎಂದು ಒಂದೊಂದಾಗಿ ಹೇಳಿದ. ಹೇಳುವಾಗ ತನ್ನ ಬೂಟುಗಳನ್ನು ನೋಡುತ್ತಿದ್ದ.

"ಶನಿವಾರದವರೆಗೆ ತಡಿ," ಎಂದಳು ಬಾರ್ಲಾ. "ಶನಿವಾರ ಗುಡಿಸಲ ಹತ್ರ ಬಾ. ನಿನ್ನ ಕಣ್ಣೆದುರಿಗೇ ಮೇಲಿನ ಉಪ್ಪಿನ ಬಂಡೆವರೆಗೂ ಹೋಗಿ ಬರ್ತೀನಿ. ಆಗ್ಲಿಲ್ಲ ಅಂದ್ರೆ ಬಯಲುಸೀಮೆಯವರನ್ನೇ ಕರ್ಸು, ನಾನು ಒಂದು ಮಾತೂ ಆಡಲ್ಲ."

"ನೀನು? ಒಂದು ಮಾತೂ ಆಡದೇ?" ಎಂದು ವಿಜೆಲಿ ಟೋಪಿ ಹಾಕಿಕೊಂಡ. "ಅದನ್ನ ನೋಡೋಕಾದ್ರೂ ಬರ್ತೀನಿ."

ಅದೇ ಮನೆಯ ಕೆಳ ಅಂತಸ್ತಿನಲ್ಲಿ ಅವಳ ತಮ್ಮ ತುಮಾಶ್ ಇದ್ದ. ಹಿಮದಲ್ಲಿ ಜಾರುವ ಪ್ರವಾಸಿಗರನ್ನು ಬೆಟ್ಟಕ್ಕೆ ಏರಿಸುವ ಹಗ್ಗದ ತೊಟ್ಟಿಲುಗಳನ್ನು ಮೂವತ್ತು ವರ್ಷ ನೋಡಿಕೊಂಡು ಕಳೆದ ವರ್ಷ ನಿವೃತ್ತನಾದವನು. ನಿವೃತ್ತಿಯಾದಂದಿನಿಂದ ಅವನು ಮನೆಯ ಪ್ರತಿ ಬಾಗಿಲಿನ ತಿರುಗಣೆಗೂ ಎರಡೆರಡು ಸಲ ಎಣ್ಣೆ ಬಿಟ್ಟಿದ್ದ. ಮೂರನೆಯ ಸುತ್ತು ಆರಂಭವಾಗುವುದರಲ್ಲಿತ್ತು. ಅಕ್ಕ ಬಂದು ವಿಷಯ ಹೇಳಿದಾಗ ಅವನ ಮುಖದಲ್ಲಿ ಮೂಡಿದ ಸಂತೋಷವನ್ನು ಮರೆಮಾಚುವುದು ಅವನಿಂದಾಗಲಿಲ್ಲ.

"ಬಿಚ್ಚಿದ್ರೆ ಕಾರ್ಖಾನೆಯವರು ಮುಟ್ಟಲ್ಲ ಅಂದ್ರಾ?"

"ಅಂದ್ರು."

"ಹಾಗಾದ್ರೆ ಬಿಚ್ಚೋದು ನಿನ್ನ ನಿರ್ಧಾರ ಅಕ್ಕಾ. ಆಮೇಲೆ ಸತ್ತೋದ್ರೆ ನನ್ನ ತಲೆ ಮೇಲೆ ಹಾಕ್ಬೇಡ."

"ಬಿಚ್ಚದೇ ಇದ್ರೂ ಈ ಬೇಸಿಗೆಗೆ ಅದು ಸತ್ತಂಗೇ," ಎಂದಳು ಬಾರ್ಲಾ. "ಬಿಚ್ಚು."

ಬುಧವಾರ ಬೆಳಗ್ಗೆ ಸೈಕಲು ಅಡುಗೆಮನೆಯಲ್ಲಿ ಎರಡು ಕುರ್ಚಿಗಳ ನಡುವೆ ನಿಂತಿತು. ತುಮಾಶ್ ಮೊದಲು ಬ್ಯಾಟರಿಯನ್ನು ಕಳಚಿ, ತನ್ನ ಕೋಣೆಗೆ ಒಯ್ದು, ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಕಂಬದ ಮೇಲೆ ಮನುಷ್ಯನಿದ್ದಾಗ ಕರೆಂಟಿನ ಬೀಗದ ಕೈ ಅದೇ ಮನುಷ್ಯನ ಜೇಬಿನಲ್ಲಿರಬೇಕು ಎಂಬುದು ಹಗ್ಗದ ಕೆಲಸದ ಮೊದಲ ನಿಯಮ. ಅಡುಗೆಮನೆಯಲ್ಲಿ ಕಂಬವಿರಲಿಲ್ಲ, ನಿಯಮವನ್ನು ಬಿಡುವುದು ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಮೊಟ್ಟೆಯ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು ಅದರ ಗುಳಿಗಳಿಗೆ ಒಂದರಿಂದ ಮೂವತ್ತರವರೆಗೆ ಸಂಖ್ಯೆ ಬರೆದ. ಮೊದಲ ಗುಳಿಗೆ ಎಡಪೆಡಲಿನ ತೋಳಿನ ಬೋಲ್ಟು ಬಿತ್ತು, ಎರಡನೆಯದಕ್ಕೆ ಬಲತೋಳಿನದು. ತೋಳುಗಳು ಅಚ್ಚನ್ನು ಬಿಟ್ಟುಬರಲು ಎಳೆಯುವ ಸಲಕರಣೆ ಬೇಕಾಯಿತು. ಚೈನು ಕೂರುವ ಹಲ್ಲುಚಕ್ರವನ್ನು ಬಿಗಿಹಿಡಿದಿದ್ದ ಬಳೆಯ ಮುಂದೆ ಬಾರ್ಲಾ ಪಾನಾ ಹಿಡಿದು ತನ್ನ ಶಕ್ತಿಯನ್ನೆಲ್ಲ ಹಾಕಿದಳು. ಬಳೆ ಇನ್ನಷ್ಟು ಬಿಗಿಯಾಯಿತು.

"ನಿಲ್ಲು ನಿಲ್ಲು, ಅದು ಉಲ್ಟಾ ಸುತ್ತು," ಎಂದ ತುಮಾಶ್. "ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ."

"ಮೊದಲೇ ಹೇಳಕ್ಕೇನಾಗಿತ್ತು?"

"ನಿನ್ನ ತೋಳು ಇನ್ನೂ ಗಟ್ಟಿ ಇದೆಯಾ ಅಂತ ನೋಡ್ತಿದ್ದೆ. ವಿಜೆಲಿ ಕೇಳಿದ್ರೆ ಹೇಳ್ಬೇಕಲ್ಲ."

ಪ್ಲಾಸ್ಟಿಕ್ಕಿನ ಮುಚ್ಚಳ ತೆಗೆದಾಗ ತಂತಿಗಳು ಕಂಡವು. ತುಮಾಶ್ ಒಂದೊಂದರ ಚಿತ್ರವನ್ನೂ ಫೋನಿನಲ್ಲಿ ಹಿಡಿದು, ಒಂದೊಂದಕ್ಕೂ ಬಣ್ಣದ ದಾರ ಕಟ್ಟಿ, ತಂತಿಯನ್ನು ಹಿಡಿಯದೆ ಅದರ ತಲೆಯನ್ನೇ ಹಿಡಿದು ಎಳೆದು ಬಿಡಿಸಿದ. ಚೌಕಟ್ಟಿಗೆ ಮೋಟಾರನ್ನು ಕಚ್ಚಿಸಿದ್ದ ಬೋಲ್ಟುಗಳು ಬಂದವು. ಕೊನೆಯ ಬೋಲ್ಟು ಸಡಿಲವಾಗುವಾಗ ಬಾರ್ಲಾ ಎರಡೂ ಕೈಗಳನ್ನು ಚಾಚಿದಳು. ಮೂರು ಕಿಲೋ ತೂಕದ ಕಪ್ಪು ಮುದ್ದೆಯೊಂದು, ಆಗತಾನೆ ಹುಟ್ಟಿದ ಕುರಿಮರಿಯಷ್ಟು ಭಾರದ್ದು, ಅವಳ ಅಂಗೈಗಿಳಿಯಿತು. ಅದನ್ನು ರೊಟ್ಟಿ ಕೊಯ್ಯುವ ಮಣೆಯ ಪಕ್ಕದಲ್ಲಿ ಮಲಗಿಸಿದರು.

ಎಡಮಗ್ಗುಲಿನ ಹೊದಿಕೆಗೆ ಎಂಟು ಸ್ಕ್ರೂಗಳು. ಬಿಚ್ಚಿ, ಅಂಚಿನ ಅಂಟನ್ನು ತೆಳು ಚಾಕುವಿನಿಂದ ಸೀಳಿ ಎತ್ತಿದಾಗ ಒಳಗಿನಿಂದ ಕಿತ್ತಳೆ ಬಣ್ಣದ ನೀರು ನಾಲ್ಕು ಹನಿ ಮೇಜಿನ ಮೇಲೆ ಬಿತ್ತು. ಹೊದಿಕೆಯ ನಡುವೆ ಕೂತಿದ್ದ ಬೇರಿಂಗು ತುಕ್ಕಿನ ಉಂಗುರವಾಗಿತ್ತು. ಪೆಡಲಿನ ಅಚ್ಚು ಅದರೊಳಗೆ ತಿರುಗಬೇಕು. ಬೆರಳಿಟ್ಟು ತಿರುಗಿಸಿದರೆ ಅದು ಕರಕರ ಎಂದಿತು, ತಿರುಗಲಿಲ್ಲ. ಮೋಟಾರಿನ ಉಳಿದ ಹಲ್ಲುಗಳು, ಸುರುಳಿಗಳು ಮಾತ್ರ ಹೊಸದರಂತೆ ಹೊಳೆಯುತ್ತಿದ್ದವು.

ತುಮಾಶ್ ಹಿಂದಕ್ಕೆ ಒರಗಿದ.

"ಅಕ್ಕಾ. ನಿಜ ಹೇಳು. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ತೊಳೆದಿದ್ದೀಯ."

"ಇಲ್ಲ."

"ಜಾತ್ರೆಗೆ ಹೋಗೋ ಎತ್ತಿನ ಥರ ತಿಕ್ಕಿ ತೊಳೆದಿದ್ದೀಯ. ಊರವರೆಲ್ಲ ಮಾಡೋ ತಪ್ಪೇ ಅದು. ಜೋರು ನೀರು ರಬ್ಬರು ದಾಟಿ ಒಳಗೆ ಹೋಗುತ್ತೆ."

"ಒದ್ದೆ ಬಟ್ಟೇಲಿ ಒರೆಸ್ತೀನಿ, ಅಷ್ಟೇ. ಗುಡಿಸಲಲ್ಲಿ ಪೈಪ್ ಎಲ್ಲಿದೆ? ನೀರಿನ ಊಟೆ ಇರೋದು ಮುನ್ನೂರು ಹೆಜ್ಜೆ ದೂರ. ನನ್ನ ಮುಖ ತೊಳೆಯೋಕೇ ಲೆಕ್ಕ ಹಾಕಿ ನೀರು ತರ್ತೀನಿ, ಸೈಕಲ್‌ಗೆ ಸ್ನಾನ ಮಾಡಿಸ್ತೀನಾ?"

ತುಮಾಶ್ ನಂಬಲಿಲ್ಲ. ಆದರೆ ಮಳೆಯ ನೀರೊಂದೇ ನಾಲ್ಕು ವರ್ಷದಲ್ಲಿ ಉಕ್ಕನ್ನು ಹೀಗೆ ತಿನ್ನುವುದಿಲ್ಲವೆಂದು ಅವನ ಮೂವತ್ತು ವರ್ಷದ ಅನುಭವ ಹೇಳುತ್ತಿತ್ತು. ಮಳೆಯಲ್ಲೂ ಹಿಮದಲ್ಲೂ ನಿಂತ ಕಂಬಗಳ ಬೇರಿಂಗುಗಳನ್ನು ಅವನು ಸಾವಿರ ಸಲ ನೋಡಿದ್ದ. ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಚ್ಚು ಹಾಯುವ ತೂತಿನ ಸುತ್ತ, ರಬ್ಬರು ಬಳೆಯ ಹಿಂದೆ, ಬಿಳಿಯ ಹೊಪ್ಪಳೆಯೊಂದಿತ್ತು. ಉಗುರಿನಿಂದ ಕೆರೆದ. ಸ್ವಲ್ಪ ಹೊತ್ತು ಅದನ್ನು ನೋಡಿ, ನಾಲಿಗೆಯ ತುದಿಗೆ ತಾಗಿಸಿಕೊಂಡ.

"ಥೂ, ಗ್ರೀಸ್ ತಿಂತೀಯಾ?"

"ಉಪ್ಪು," ಎಂದ ತುಮಾಶ್.

ಇಬ್ಬರೂ ಒಟ್ಟಿಗೆ ಸೈಕಲಿನ ಚೌಕಟ್ಟಿನ ಕಡೆ ತಿರುಗಿದರು. ಮೋಟಾರು ಕೂರುವ ಜಾಗದ ಸರಿಯಾಗಿ ಮೇಲೆ, ತ್ರಿಕೋನದ ನಡುವೆ, ಎರಡು ತೊಗಲಿನ ಪಟ್ಟಿಗಳಲ್ಲಿ ಒಂದು ಗೋಣಿಚೀಲ ನೇತಾಡುತ್ತಿತ್ತು. ಬಾರ್ಲಾಳೇ ಹೊಲಿದ ಚೀಲ. ಬೆನ್ನಿಗೆ ಹೊತ್ತರೆ ಏರಿನಲ್ಲಿ ಹಿಂದಕ್ಕೆ ಎಳೆಯುತ್ತದೆ, ಹಿಂಬದಿಗೆ ಕಟ್ಟಿದರೆ ಮುಂದಿನ ಚಕ್ರ ಎದ್ದುಬಿಡುತ್ತದೆ ಎಂದು ಯೋಚಿಸಿ ಯೋಚಿಸಿ ಅವಳು ಕಂಡುಕೊಂಡ ಜಾಗ ಅದು. ನಾಲ್ಕು ಬೇಸಿಗೆ ದಿನವೂ ನಾಲ್ಕು ಕಿಲೋ ಉಪ್ಪು ಅದರಲ್ಲಿ ಏರಿತ್ತು. ಮಳೆ ಬಂದಾಗಲೆಲ್ಲ ಚೀಲ ನೆನೆದು, ಉಪ್ಪು ಕರಗಿ, ಹನಿಹನಿಯಾಗಿ ಇಳಿದು, ಪೆಡಲಿನ ಅಚ್ಚಿನ ಸಂದಿಯಲ್ಲಿ ದಾರಿ ಹುಡುಕಿಕೊಂಡಿತ್ತು.

"ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ," ಎಂದ ತುಮಾಶ್. "ಇದು ಪಾಪ ಎರಡನ್ನೂ ಮಾಡಿದೆ."

ಬಾರ್ಲಾ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಇನ್ನೊಂದು ಸಂಗತಿ ನೆನಪಾಗಿತ್ತು. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ತೂಗಿದಳು.

"ಕಡಸುಗಳು ಬಂದು ಮೋಟಾರನ್ನ ನೆಕ್ತಿದ್ವು," ಎಂದಳು ಕೊನೆಗೆ. "ದಿನಾ. ಸಾಲುಗಟ್ಟಿ ನಿಂತು."

"ನಿನಗೆ ಅನುಮಾನ ಬರಲಿಲ್ವಾ?"

"ನಾನು ಬಂದಿದ್ದಕ್ಕೆ ಖುಷಿಗೆ ನೆಕ್ತಾವೆ ಅಂದ್ಕೊಂಡಿದ್ದೆ."

ತುಮಾಶ್ ಎಷ್ಟು ಹೊತ್ತು ನಕ್ಕನೆಂದರೆ, ಬಾರ್ಲಾ ಎದ್ದು ಕಾಫಿ ಇಟ್ಟು, ಒಣಮಾಂಸವನ್ನು ತೆಳುವಾಗಿ ಕೊಯ್ದು, ತಟ್ಟೆ ತಂದಿಟ್ಟರೂ ಅವನ ಭುಜಗಳು ಕುಣಿಯುತ್ತಲೇ ಇದ್ದವು. ಅವಳು ನಗಲಿಲ್ಲ. ತನ್ನ ಕೈಯಾರೆ ಹೊಲಿದ ಚೀಲವೇ ತನ್ನನ್ನು ಬೆಟ್ಟದಿಂದ ಇಳಿಸಲು ಹೊರಟಿತ್ತೆಂಬುದು ಅವಳಿಗೆ ತಮಾಷೆಯಾಗಿ ಕಾಣಲಿಲ್ಲ. ಊಟವಾದ ಮೇಲೆ ಕತ್ತರಿ ತಂದು ತೊಗಲಿನ ಪಟ್ಟಿಗಳೆರಡನ್ನೂ ಕತ್ತರಿಸಿದಳು.

ಕೂತ ಬೇರಿಂಗನ್ನು ಎಬ್ಬಿಸುವುದಕ್ಕೆ ಗುರುವಾರದ ಬೆಳಗು ಪೂರ್ತಿ ಹಿಡಿಯಿತು. ತುಮಾಶ್ ಎಳೆಯುವ ಸಲಕರಣೆಯನ್ನು ಅದರ ಕೆಳಗೆ ತೂರಿಸಿ ಬಿಗಿಮಾಡುತ್ತ ಹೋದ. ಬೇರಿಂಗು ಒಂದು ಬದಿಯಲ್ಲಿ ಕೂದಲೆಳೆಯಷ್ಟು ಎದ್ದು, ಇನ್ನೊಂದು ಬದಿಯಲ್ಲಿ ಕಚ್ಚಿಕೊಂಡಿತು. ಅವನು ಇನ್ನೂ ಬಿಗಿಮಾಡಿದ. ಲೋಹ ಕಿರುಗುಟ್ಟಿತು.

"ಎಳೀಬೇಡ," ಎಂದಳು ಬಾರ್ಲಾ. "ಅಡ್ಡ ಸಿಕ್ಕಿದೆ."

"ಗೊತ್ತು. ಇನ್ನೊಂದು ಸುತ್ತು ಕೊಟ್ರೆ ಬರುತ್ತೆ."

"ಇನ್ನೊಂದು ಸುತ್ತು ಕೊಟ್ರೆ ಹೊದಿಕೆನೇ ಒಡೆಯುತ್ತೆ. ಕರು ಅಡ್ಡ ಸಿಕ್ಕಾಗ ಎಳೆದ್ರೆ ತಾಯಿ ಸಾಯುತ್ತೆ. ಒಳಕ್ಕೆ ತಳ್ಳು. ನೆಟ್ಟಗೆ ಮಾಡು. ಆಮೇಲೆ ಎಳಿ."

ತುಮಾಶ್ ಮೂವತ್ತು ವರ್ಷ ಹಗ್ಗ ಎಳೆದವನು, ಕರು ಎಳೆದವನಲ್ಲ. ಸಲಕರಣೆಯನ್ನು ಅವಳ ಕಡೆ ಸರಿಸಿದ. ಬಾರ್ಲಾ ಅದನ್ನು ಸಡಿಲಿಸಿ, ಎದ್ದ ಬದಿಯ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ಬಡಿದು ಕೂರಿಸಿದಳು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟಳು. ಕಾಫಿ ಕುಡಿದು ಬಂದಳು. ಹೊದಿಕೆಗೆ ಬಿಸಿಗಾಳಿ ಹಿಡಿದು, ಎರಡೂ ಬದಿಗೆ ಸಮನಾಗಿ ಒಂದೊಂದು ಕಾಲು ಸುತ್ತು ಕೊಡುತ್ತ ಹೋದಳು. ಹನ್ನೊಂದೂವರೆಗೆ ಬೇರಿಂಗು ಪುಟ್ಟ ಸದ್ದೊಂದನ್ನು ಮಾಡಿ ಮೇಜಿನ ಮೇಲೆ ಉರುಳಿತು.

ಅದರ ಅಂಚಿನಲ್ಲಿ ಕೊರೆದಿದ್ದ ಸಂಖ್ಯೆಯನ್ನು ಬರೆದುಕೊಂಡು ತುಮಾಶ್ ಪೇಟೆಗೆ ಹೋದ. ಸೈಕಲ್ ಅಂಗಡಿಗಲ್ಲ, ಹುಲ್ಲು ಕೊಯ್ಯುವ ಯಂತ್ರಗಳ ಬಿಡಿಭಾಗ ಮಾರುವಲ್ಲಿಗೆ. ಅದೇ ಅಳತೆಯ ಬೇರಿಂಗು ಅಲ್ಲಿನ ಮೂರನೆಯ ಗೂಡಿನಲ್ಲಿತ್ತು, ಎರಡೂ ಕಡೆ ರಬ್ಬರಿನ ಮುಚ್ಚಳವಿದ್ದದ್ದು. ಕಾರ್ಖಾನೆಯ ಆರು ವಾರ ಇಲ್ಲಿ ಇಪ್ಪತ್ತು ನಿಮಿಷವಾಯಿತು. ಸಂಜೆ ಅದರ ಮೇಲೆ ಕೊಳವೆಯ ತುಂಡಿಟ್ಟು ಸಮನಾಗಿ ಒತ್ತಿ ಹೊದಿಕೆಯಲ್ಲಿ ಕೂರಿಸಿದರು. ತುಕ್ಕನ್ನೆಲ್ಲ ಒರೆಸಿ ತೆಗೆದರು. ನೀರಿಗೆ ಜಗ್ಗದ ಗ್ರೀಸನ್ನು ರಬ್ಬರು ಬಳೆಯ ಹಿಂದೆ, ಅಚ್ಚಿನ ಸುತ್ತ, ರೊಟ್ಟಿಗೆ ಬೆಣ್ಣೆ ಸವರುವಂತೆ ಧಾರಾಳವಾಗಿ ಸವರಿದರು. ಹೊದಿಕೆಯ ಅಂಚಿಗೆ ಹೊಸ ಅಂಟು ಎಳೆದು ರಾತ್ರಿಯಿಡೀ ಆರಲು ಬಿಟ್ಟರು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಮೊಟ್ಟೆಯ ತಟ್ಟೆ ಖಾಲಿಯಾಗಿತ್ತು. ತುಮಾಶ್ ಜೇಬಿನಿಂದ ಬೀಗದ ಕೈ ತೆಗೆದು, ಬ್ಯಾಟರಿ ತಂದು ಕೂರಿಸಿ, ಗುಂಡಿ ಒತ್ತಿದ. ಹ್ಯಾಂಡಲಿನ ಮೇಲಿನ ಪುಟ್ಟ ಪರದೆ ಹೊತ್ತಿ, ಒಂದು ಕೆಂಪು ಸಂಖ್ಯೆ ತೋರಿಸಿತು. ಮೋಟಾರು ಮಿಸುಕಲಿಲ್ಲ.

ತುಮಾಶ್ ಬ್ಯಾಟರಿ ತೆಗೆದು ಹಾಕಿದ. ಕೆಂಪು ಸಂಖ್ಯೆ ಬಂತು. ಮತ್ತೆ ತೆಗೆದು ಹಾಕಿದ. ಬಾರ್ಲಾ ಕಿಟಕಿಯ ಬಳಿ ಹೋಗಿ ನಿಂತಳು. ಅಲ್ಲಿಂದ ಪ್ಲೌಂಕಾ ಬೆಟ್ಟದ ಕೆಳಗಿನ ಅಂಚು ಕಾಣುತ್ತಿತ್ತು. ಹುಲ್ಲು ಆಗಲೇ ಹಸುರಾಗಿತ್ತು. ನಾಳೆ ವಿಜೆಲಿ ಬರುತ್ತಾನೆ, ನಾನು ಒಂದು ಮಾತೂ ಆಡಬಾರದು ಎಂದು ಅವಳು ಯೋಚಿಸಿದಳು. ಆ ಮಾತು ಕೊಟ್ಟದ್ದು ಸುಲಭವಾಗಿತ್ತು.

"ಮತ್ತೆ ಇಳಿಸ್ಬೇಕು," ಎಂದ ತುಮಾಶ್ ಹಿಂದಿನಿಂದ.

ಎರಡನೆಯ ಸಲ ಬಿಚ್ಚುವುದಕ್ಕೆ ಒಂದು ಗಂಟೆ ಸಾಕಾಯಿತು. ಕೈಗಳಿಗೆ ದಾರಿ ಗೊತ್ತಾಗಿತ್ತು. ಮೋಟಾರನ್ನು ಚೌಕಟ್ಟಿನಿಂದ ಅರ್ಧ ಇಳಿಸುವಷ್ಟರಲ್ಲೇ ಕಂಡಿತು: ಚಕ್ರದ ವೇಗ ಅಳೆಯುವ ತೆಳು ತಂತಿ, ನೀಲಿ ದಾರ ಕಟ್ಟಿದ್ದು, ಮೋಟಾರಿಗೂ ಚೌಕಟ್ಟಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿ ತುಂಡಾಗಿತ್ತು. ಅದನ್ನು ಅಲ್ಲಿ ಬಿಟ್ಟವನು ತುಮಾಶ್. ಬಾರ್ಲಾ ಮೋಟಾರಿನ ಭಾರ ಹಿಡಿದಿದ್ದಳು, ತಂತಿಗಳನ್ನು ಸರಿಸುವ ಕೆಲಸ ಅವನದಾಗಿತ್ತು.

ತಂತಿಯ ತುದಿಗಳನ್ನು ಸುಲಿದು, ಬೆಸೆದು, ಅದರ ಮೇಲೆ ರಬ್ಬರು ನಳಿಗೆ ಎಳೆದು ಬಿಸಿ ಮಾಡಿ ಕುಗ್ಗಿಸುವವರೆಗೂ ಅವನು ತಲೆಯೆತ್ತಲಿಲ್ಲ.

"ಹಗ್ಗದ ಕೆಲಸದಲ್ಲಿ ಹೀಗೆ ಮಾಡಿದ್ದಿದ್ರೆ ನನ್ನ ಮನೆಗೆ ಕಳಿಸ್ತಿದ್ರು," ಎಂದ ಕೊನೆಗೆ.

"ನೀನು ಮನೇಲೇ ಇದ್ದೀಯ," ಎಂದಳು ಬಾರ್ಲಾ. "ಹಿಡ್ಕೋ, ಎತ್ತೋಣ."

ಈ ಸಲ ತಂತಿಗಳನ್ನು ಅವಳು ಸರಿಸಿದಳು, ಭಾರವನ್ನು ಅವನು ಹಿಡಿದ. ಪರದೆ ಹೊತ್ತಿತು. ಕೆಂಪು ಸಂಖ್ಯೆ ಬರಲಿಲ್ಲ.

ಶನಿವಾರ ಎಂಟು ಗಂಟೆಗೆ ವಿಜೆಲಿ ತನ್ನ ಜೀಪಿನಲ್ಲಿ ಗುಡಿಸಲ ಬಳಿ ಬಂದು, ಬೇಟೆಗೆ ಒಯ್ಯುವ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದ. ಬಾರ್ಲಾ ಬೆನ್ನಿಗೆ ಚೀಲ ಬಿಗಿದಿದ್ದಳು. ಚೀಲದಲ್ಲಿ, ರಬ್ಬರಿನ ಹೊದಿಕೆಯೊಳಗೆ, ನಾಲ್ಕು ಕಿಲೋ ಉಪ್ಪಿತ್ತು. ಬರಿಗೈಯಲ್ಲಿ ಏರಿ ತೋರಿಸಿದರೆ ಅದು ಪರೀಕ್ಷೆಯಲ್ಲವೆಂದು ಅವಳೇ ತೀರ್ಮಾನಿಸಿದ್ದಳು.

"ಸದ್ದೇ ಇಲ್ವಲ್ಲ," ಎಂದ ವಿಜೆಲಿ, ಅವಳು ಹೊರಟಾಗ.

"ನಾನೂ ಮಾಡ್ತಿಲ್ಲ, ನೋಡು," ಎಂದು ಅವಳು ತಿರುವಿನಲ್ಲಿ ಮರೆಯಾದಳು.

ಮೊದಲ ಅರ್ಧ ಏರಿನಲ್ಲಿ ಅವಳು ಕಿವಿಯೊಂದನ್ನೇ ಉಪಯೋಗಿಸಿದಳು. ಮೋಟಾರು ಮೊದಲಿನ ಬೇಸಿಗೆಯಲ್ಲಿ ಗುನುಗುತ್ತಿದ್ದಂತೆ ಗುನುಗುತ್ತಿತ್ತು. ಭಾರ ಬೆನ್ನಿನಲ್ಲಿದ್ದುದರಿಂದ ಏರಿನಲ್ಲಿ ಮೈಯನ್ನು ಹ್ಯಾಂಡಲಿನ ಮೇಲೆ ಬಗ್ಗಿಸಬೇಕಾಯಿತು, ಭುಜ ನೋಯತೊಡಗಿತು, ಅದಕ್ಕೆ ಒಗ್ಗಿಕೊಳ್ಳಬೇಕು. ತೊರೆಯ ಮೇಲಿನ ತಿರುವಿನಲ್ಲಿ ಇನ್ನೂ ಕರಗದ ಹಿಮ ದಾರಿಗೆ ಅಡ್ಡಲಾಗಿ ಬಿದ್ದಿತ್ತು. ಇಳಿದು, ನಲವತ್ತು ಹೆಜ್ಜೆ ಸೈಕಲನ್ನು ತಳ್ಳಿಕೊಂಡು ಹೋದಳು. ಪ್ರತಿ ಹೆಜ್ಜೆಗೂ ಮಂಡಿಯೊಳಗೆ ಸೂಜಿ ಚುಚ್ಚಿತು. ವಿಜೆಲಿ ಹೇಳಿದ್ದು ಸುಳ್ಳಲ್ಲ ಎಂದು ಆ ನಲವತ್ತು ಹೆಜ್ಜೆಗಳಲ್ಲಿ ಅವಳು ಒಪ್ಪಿಕೊಂಡಳು. ಈ ಬೆಟ್ಟವನ್ನು ಅವಳು ಇನ್ನು ನಡೆದು ಏರಲಾರಳು. ಹಿಮ ದಾಟಿ ಸೀಟಿನ ಮೇಲೆ ಕೂತು ಪೆಡಲು ಒತ್ತಿದಾಗ, ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮೋಟಾರು ಹಿಡಿಯಿತು.

ಉಪ್ಪಿನ ಬಂಡೆಯ ಮೇಲೆ ಅವಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಚೀಲ ಬಿಚ್ಚಿ ಉಪ್ಪನ್ನು ಬಂಡೆಯ ಪಕ್ಕದ ಮರದ ಪೆಟ್ಟಿಗೆಗೆ ಸುರಿದಳು. ಕೆಳಗೆ ಬೆರಳಷ್ಟು ಕಾಣುತ್ತಿದ್ದ ವಿಜೆಲಿಯ ಕಡೆ ಖಾಲಿ ಚೀಲವನ್ನು ಒಮ್ಮೆ ಬೀಸಿದಳು.

ಅವಳು ಇಳಿದು ಬಂದಾಗ ವಿಜೆಲಿ ಗುಡಿಸಲ ಮೆಟ್ಟಿಲ ಮೇಲೆ ಕೂತಿದ್ದ. ದುರ್ಬೀನು ಪಕ್ಕದಲ್ಲಿತ್ತು. ಹಿಮದ ಪಟ್ಟಿಯ ಮೇಲೆ ಅವಳು ಕುಂಟಿದ್ದನ್ನು ಅವನು ಖಂಡಿತ ನೋಡಿದ್ದ. ಅವನು ಸೈಕಲನ್ನು ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ತೊಡೆಯ ಮೇಲೆ ಬಿಡಿಸಿ, ಕನ್ನಡಕ ಏರಿಸಿಕೊಂಡ.

"ಕವೇಂಗರ ಮನೆಯಿಂದ ಆರು," ಎಂದು ಓದತೊಡಗಿದ. "ಅದರಲ್ಲಿ ಬೂದು ಬಣ್ಣದ್ದು ಎಡಗಣ್ಣು ಮಂದ, ಬಂಡೆ ಅಂಚಿಗೆ ಬಿಡ್ಬೇಡ. ನನ್ನವು ಒಂಬತ್ತು. ಚುಕ್ಕೆ ಹಣೆಯದು ಗುಡುಗಿಗೆ ಬೇಲಿ ಹಾರುತ್ತೆ, ಅದರಮ್ಮನೂ ಹಾಗೇ ಇತ್ತು, ನಿನಗೆ ಗೊತ್ತು. ಮೇಲಿನ ಕೇರಿಯವರದು ನಾಲ್ಕು, ಒಂದಕ್ಕೆ ಗೊರಸು ಸೀಳಿದೆ..."

ಇಂಥ ಮಾತುಗಳನ್ನು ಪ್ಲೌಂಕಾದಲ್ಲಿ ದನಗಾಹಿಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ, ಅದೂ ವರ್ಷಕ್ಕೆ ಒಂದೇ ಸಲ, ದನಗಳನ್ನು ಒಪ್ಪಿಸುವಾಗ.

"ಯಾವ ಗೊರಸು?" ಎಂದು ಬಾರ್ಲಾ ಸೈಕಲನ್ನು ಗೋಡೆಗೆ ಒರಗಿಸಿ, ಅವನ ಪಕ್ಕದ ಮೆಟ್ಟಿಲಿಗೆ ಮೆಲ್ಲನೆ ಇಳಿದು ಕೂತಳು.